ಮೂಲೆ ಕುರ್ಚಿಗೆ ಎಡಗೈಯವನು

ಒಂದು ಸಲ ನಾನು ಕತ್ತರಿ ಆಡಿಸಿದ ವೇಗಕ್ಕೆ ಎದುರಿನ ಕನ್ನಡಿಯೊಳಗಿದ್ದ ನಾನು ಹಿಂದೆ ಬಿದ್ದುಬಿಟ್ಟೆ. ಇಲ್ಲಿ ಗಿರಾಕಿ ಎದ್ದು, ಕತ್ತು ಒರೆಸಿಕೊಂಡು, ಬಾಗಿಲು ದಾಟಿ ಹೋಗಿಯಾಗಿತ್ತು. ಅಲ್ಲಿ ಕನ್ನಡಿಯೊಳಗಿನವನು ಇನ್ನೂ ಕಿವಿಯ ಹತ್ತಿರ ಬೆವರು ಸುರಿಸುತ್ತಿದ್ದ. ಪಾಪ, ಮುಗಿಸಲಿ ಎಂದು ನಾನೇ ಒಂದು ಲೋಟ ಚಹಾ ಕುಡಿಯುತ್ತಾ ಕಾದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನೋಡಿದವರು ಯಾರೂ ಇಲ್ಲ. ಇದ್ದಿದ್ದರೆ ಅವರ ಕಣ್ಣು ಉಳಿಯುತ್ತಿರಲಿಲ್ಲ.

ಇಂಥ ನನಗೂ ಕೆಲಸ ಹುಡುಕುವ ಗತಿ ಬಂತು. ನಾನಿದ್ದ ಸಲೂನಿನ ಯಜಮಾನ ಬ್ಲೇಡ್ ಮಾವ. ಮಾತು ಹರಿತ ಎಂದು ಜನ ಇಟ್ಟ ಹೆಸರು, ನನಗೆ ಹೆಣ್ಣು ಕೊಟ್ಟ ಮಾವನಲ್ಲ; ಅವನ ಕೈಯಲ್ಲಿದ್ದ ಬ್ಲೇಡು ಅದರ ಅರ್ಧ ಹರಿತವೂ ಇರಲಿಲ್ಲ. ಮಂಡಿನೋವು ತಾಳದೆ ಅವನು ಅಂಗಡಿ ಮುಚ್ಚಿ ಮಗಳ ಮನೆ ಸೇರಲು ಹೊರಟಿದ್ದ. ಇತ್ತ ನನ್ನ ಹೆಂಡತಿ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡು ವರ್ಷದಿಂದ ಅವಳಲ್ಲಿ, ನಾನಿಲ್ಲಿ. ರಜೆ ಸಿಕ್ಕಾಗ ಬಸ್ಸು ಹತ್ತಿ ಹೋದರೆ ಅವಳಿಗೆ ಡ್ಯೂಟಿ. ಅರ್ಧ ದಿನ ಅವಳ ಕೋಣೆಯ ಬೀಗದ ಜೊತೆ ಸಂಸಾರ ಮಾಡಿ ವಾಪಸು ಬರುತ್ತಿದ್ದೆ. ಅವಳ ಆಸ್ಪತ್ರೆಯ ಎದುರಿಗಿರುವ ಸಲೂನಿನವರು ಆಳು ಬೇಕೆಂದು ಗಾಜಿಗೆ ಚೀಟಿ ಅಂಟಿಸಿದ್ದನ್ನು ಅವಳೇ ಕಂಡು ಫೋನ್ ಮಾಡಿದಳು.

“ರೀ, ಇದೊಂದು ಸಿಕ್ಕಿಬಿಟ್ರೆ ಒಂದೇ ಮನೇಲಿ ಇರಬಹುದು. ವಿಡಿಯೋ ಕಾಲ್‌ನಲ್ಲೇ ಇಂಟರ್‌ವ್ಯೂ ಮಾಡ್ತಾರಂತೆ. ದಯವಿಟ್ಟು ಬಾಯಿ ಸ್ವಲ್ಪ ಹಿಡಿತದಲ್ಲಿರಲಿ.”

“ನನಗೆ ಇಂಟರ್‌ವ್ಯೂನಾ? ಲೇ, ನನ್ನನ್ನ ಇಂಟರ್‌ವ್ಯೂ ಮಾಡೋಕೆ ಬಂದವರು ತಾವೇ ಕೆಲಸ ಬಿಟ್ಟು ಹೋಗಿದಾರೆ!”

“ನೋಡಿ, ಶುರುವಾಯ್ತು,” ಎಂದು ಅವಳು ಫೋನಿಟ್ಟಳು.

ಕ್ಷೌರಿಕರ ಕಷ್ಟವೊಂದಿದೆ, ಬೇರೆಯವರಿಗೆ ತಿಳಿಯದು. ನಾವು ಯಾರ ಮುಖವನ್ನೂ ನೇರವಾಗಿ ನೋಡಿ ಮಾತಾಡುವುದಿಲ್ಲ. ಗಿರಾಕಿಯ ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿರುವ ಅವನ ಮುಖದ ಜೊತೆ ಊರ ಸುದ್ದಿಯೆಲ್ಲ ಮಾತಾಡುತ್ತೇವೆ. ಎದುರೆದುರು ಕೂರಿಸಿದರೆ ನನ್ನ ನಾಲಿಗೆ ಒಣಗುತ್ತದೆ. ಹೆಂಡತಿ ಜೊತೆ ಜಗಳವಾಡುವಾಗಲೂ ನಾನು ಬೀರುವಿನ ಕನ್ನಡಿ ಹುಡುಕುವವನೇ. ಆದ್ದರಿಂದ ಇಂಟರ್‌ವ್ಯೂ ದಿನ ಫೋನಿಗೆ ಗಿರಾಕಿಯ ಮರ್ಯಾದೆ ಕೊಟ್ಟೆ. ಕುರ್ಚಿಯ ತಲೆದಿಂಬಿಗೆ ಆನಿಸಿ, ಪರದೆ ಕನ್ನಡಿಯ ಕಡೆ ಮುಖ ಮಾಡುವಂತೆ ಕೂರಿಸಿದೆ. ಕತ್ತಿನ ಜಾಗಕ್ಕೆ ಬಿಳಿ ಬಟ್ಟೆಯನ್ನೂ ಸುತ್ತಿದೆ. ಹಿಂದೆ ನಿಂತು ಕತ್ತರಿ ಬಾಚಣಿಗೆ ಹಿಡಿದೆ. ಕನ್ನಡಿಯಲ್ಲಿ, ಫೋನಿನೊಳಗೆ, ಕನ್ನಡಕ ಹಾಕಿದ ಹೆಂಗಸೊಬ್ಬರು ಕಾಣಿಸಿಕೊಂಡರು.

ಅವರೇ ಆ ಸಲೂನಿನ ಯಜಮಾನಿ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಅಣ್ಣನ ಅಂಗಡಿ ಕೈಗೆ ಬಂದು ನಡೆಸುತ್ತಿದ್ದರು. ಕತ್ತರಿ ಹಿಡಿದವರಲ್ಲ.

“ನಮಸ್ಕಾರಪ್ಪಾ. ಅದೇನು, ನಿಮ್ಮ ಕುರ್ಚಿ ಮೇಲೆ ಇನ್ನೊಂದು ಫೋನಿದೆ?”

ಇನ್ನೊಂದು ಫೋನೇ? ನಾನು ಹಿಂದೆ ಮುಂದೆ ನೋಡಿದೆ. ಇದ್ದದ್ದು ಒಂದೇ.

“ಅದರೊಳಗೂ ನಾನೇ ಇದೀನಲ್ಲ?”

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯದಿದ್ದಾಗ ದೊಡ್ಡದಾಗಿ ಹೇಳಿಬಿಡುವುದು ನನ್ನ ಪದ್ಧತಿ. “ಇಲ್ಲಿ ನಾಲ್ಕು ಫೋನಿವೆ ಮೇಡಂ, ಎಲ್ಲದರಲ್ಲೂ ತಮ್ಮನ್ನೇ ಇಟ್ಕೊಂಡಿದೀನಿ.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕತ್ತರಿ ಆಡಿಸಿ ತೋರಿಸಲು ಹೇಳಿದರು. ಗಾಳಿಯಲ್ಲೇ ಚಕಚಕ ಆಡಿಸಿದೆ. ಗಾಳಿಗೆ ಕೂದಲಿದ್ದಿದ್ದರೆ ಅವತ್ತೇ ಬೋಳಾಗುತ್ತಿತ್ತು. ಯಜಮಾನಿಯ ಮುಖ ಅರಳಿತು.

“ಅಬ್ಬಾ! ಎಡಗೈ ಎಷ್ಟು ಚೆನ್ನಾಗಿ ಓಡುತ್ತೆ ನಿಮ್ಮದು!”

ನನ್ನ ಎಡಗೈ ನೋಡಿಕೊಂಡೆ. ಅದು ಬಾಚಣಿಗೆ ಹಿಡಿದುಕೊಂಡು ಸುಮ್ಮನೆ ನಿಂತಿತ್ತು. ಹುಟ್ಟಿದಾಗಿನಿಂದ ಅದನ್ನು ಹೊಗಳಿದವರಿಲ್ಲ. ಕತ್ತರಿ ಇದ್ದದ್ದು ಬಲಗೈಯಲ್ಲಿ, ಹೊಗಳಿಕೆ ಎಡಗೈಗೆ! ಏನೋ ಮರ್ಯಾದೆಗೆ ಹೇಳುತ್ತಿರಬೇಕು ಅಂದುಕೊಂಡೆ.

“ಎಡಗೈಯವರೇ ತಾನೇ ನೀವು?”

“ಅದೇನು ಕೇಳ್ತೀರಿ ಮೇಡಂ! ನಮ್ಮ ವಂಶದಲ್ಲಿ ಬಲಗೈ ಅನ್ನೋದನ್ನ ಯಾರೂ ಬಳಸಿಯೇ ಇಲ್ಲ. ಹೊಸದಾಗಿ ಹಾಗೇ ಇಟ್ಟಿದೀವಿ.”

ಆಮೇಲೆ ಅವರು ವಿಷಯ ಬಿಚ್ಚಿದರು. ಅವರ ಅಂಗಡಿಯ ಮೂಲೆ ಕುರ್ಚಿಯ ಬಲಮಗ್ಗುಲಿಗೇ ಗೋಡೆ. ಬಲಗೈಯವನು ನಿಂತರೆ ಮೊಣಕೈ ಗೋಡೆಗೆ ತಿಕ್ಕುತ್ತದೆ, ಕತ್ತರಿ ಗಿರಾಕಿಯ ಕಿವಿಗೆ ಹೋಗುತ್ತದೆ. ಮೊದಲಿದ್ದವರು ಎಡಗೈಯವರು, ವಯಸ್ಸಾಗಿ ಬಿಟ್ಟರು. ಬಂದ ಬಲಗೈಯವರೆಲ್ಲ ಮೊಣಕೈ ಉಜ್ಜಿಕೊಳ್ಳುತ್ತಾ ಓಡಿದರು. ಬೇರೆ ಕುರ್ಚಿಗಳಲ್ಲಿ ಹಳೆಯ ಆಳುಗಳಿದ್ದಾರೆ. “ಎಡಗೈಯವರು ಸಿಗದೆ ಸಾಕಾಗಿತ್ತಪ್ಪಾ. ನಾಳೆ ಒಬ್ಬರನ್ನ ಕೂರಿಸಿ ಕಟಿಂಗ್ ಮಾಡಿ ತೋರಿಸಿ. ನಿಮ್ಮ ಮನೆಯವರನ್ನೂ ಕರೀತೀನಿ, ಅವರ ಎದುರೇ ಮಾತು ಮುಗಿಸೋಣ.”

ಫೋನು ಆರಿತು. ನಾನು ಕನ್ನಡಿಯ ಮುಂದೆ ಕಂಬದಂತೆ ನಿಂತೆ. ನಾನು ಬಲಗೈಯವನು; ಅವರು ಕಣ್ಣಾರೆ ಕಂಡದ್ದು ಎಡಗೈ. ಅವರ ಕಣ್ಣು ಕೆಟ್ಟಿದೆಯೋ, ನನ್ನ ಕೈಗಳು ನನಗೆ ಹೇಳದೆ ಜಾಗ ಬದಲಿಸಿವೆಯೋ? ಕೊನೆಗೆ ನನ್ನ ಅಗಾಧ ಬುದ್ಧಿಗೆ ಮಿಂಚಿನಂತೆ ಹೊಳೆಯಿತು: ಅವರು ನೋಡಿದ್ದು ನನ್ನನ್ನಲ್ಲ, ಕನ್ನಡಿಯೊಳಗಿನವನನ್ನು! ಅವನು ಎಡಗೈಯವನು!

ಬ್ಲೇಡ್ ಮಾವ ನನ್ನ ಬುದ್ಧಿಗೆ ಬೆರಗಾಗಿ ಕೂತಿದ್ದ. ಇರಲಿ ಎಂದು ನನ್ನ ಫೋನಿನಲ್ಲೇ ನನ್ನ ಮುಖ ತೆರೆದು ನೋಡಿದೆ. ಅದೂ ಕನ್ನಡಿಯ ಹಾಗೆಯೇ ತಿರುಗಿಸಿ ತೋರಿಸಿತು. ಹಾಗಾದರೆ ಎದುರಿನವರಿಗೆ ಹೇಗೆ ಕಾಣುತ್ತದೆ? ಕನ್ನಡಿಯಲ್ಲಿರುವ ಫೋನಿನಲ್ಲಿರುವ ನಾನು ಎಡಗೈಯೋ ಬಲಗೈಯೋ? ಫೋನು ತಿರುಗಿಸಿದೆ, ಕುರ್ಚಿ ತಿರುಗಿಸಿದೆ, ನಾನೇ ತಿರುಗಿದೆ. ಅಂಗಿಯ ಗುಂಡಿ ಯಾವ ಕಡೆಯದೆಂದು ಮರೆತು ಮಧ್ಯಾಹ್ನದವರೆಗೆ ಎದೆ ತೆರೆದುಕೊಂಡೇ ಇದ್ದೆ.

“ಅಳಿಯಾ,” ಎಂದ ಮಾವ, “ಇವತ್ತು ಹೇಗಿಟ್ಟಿದ್ಯೋ ನಾಳೇನೂ ಹಾಗೇ ಇಡು. ಹೆಚ್ಚಿಗೆ ಯೋಚನೆ ಮಾಡಬೇಡ, ನಿನಗದು ಅಭ್ಯಾಸ ಇಲ್ಲ. ಆದ್ರೆ ಅಲ್ಲಿ ಹೋದಮೇಲೆ ಗೋಡೆಗೆ ಏನು ಹೇಳ್ತೀಯೋ?”

“ಅಷ್ಟರಲ್ಲಿ ಎಡಗೈ ಕಲಿತಿರ್ತೀನಿ ಮಾವ. ಒಂದು ಸಂಜೆ ಸಾಕು ನನಗೆ.”

ಮರುದಿನ ಮಾವನೇ ತಲೆ ಒಡ್ಡಿ ಕೂತ. ಫೋನನ್ನು ಎದೆಯ ಮೇಲೆ, ಪರದೆ ಕನ್ನಡಿಯ ಕಡೆಗೆ ಹಿಡಿದುಕೊಂಡ. ಯಜಮಾನಿ ಬಂದರು.

“ಇದ್ಯಾಕಪ್ಪಾ, ಇವರ ಎದೆ ಮೇಲೂ ನಾನೇ ಇದೀನಿ?”

“ಅವರು ತಮ್ಮ ಅಭಿಮಾನಿ ಮೇಡಂ.”

ಮಾವ ನಗು ತಡೆಯಲಾರದೆ ಅಲುಗಾಡಿದ. ಆ ಕಡೆ ಯಜಮಾನಿಗೆ ನನ್ನ ಅಂಗಡಿಯೇ ನಡುಗಿದಂತೆ ಕಂಡಿರಬೇಕು. ನಾನು ಬಲಗೈಯಲ್ಲಿ ಕತ್ತರಿಸುತ್ತಾ ಹೋದೆ, ಅವರು ಎಡಗೈಯನ್ನು ಮೆಚ್ಚುತ್ತಾ ಹೋದರು. ತಲೆ ಅರ್ಧ ಮುಗಿಯಿತು ಅನ್ನುವಾಗ ನರ್ಸ್ ಬಟ್ಟೆಯಲ್ಲೇ ನನ್ನ ಹೆಂಡತಿ ಬಂದು ಯಜಮಾನಿಯ ಪಕ್ಕ ನಿಂತಳು. ಡ್ಯೂಟಿ ಮುಗಿಸಿ ಓಡಿ ಬಂದಿದ್ದಳು, ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ.

“ನೋಡಮ್ಮಾ, ನಿನ್ನ ಯಜಮಾನರು. ಕೆಲಸ ಆದ ಹಾಗೇ ಲೆಕ್ಕ,” ಅಂದರು ಅವರು.

ಅವಳು ನಕ್ಕಳು. ಆಮೇಲೆ ಬಗ್ಗಿ ನೋಡಿದಳು. ನಗು ನಿಂತಿತು.

“ರೀ... ಹುಬ್ಬಿನ ಮೇಲಿನ ಗಾಯದ ಗುರುತು ಬಲಗಡೆ ಅಲ್ವಾ ಇರೋದು?”

ನನ್ನ ಬಲ ಹುಬ್ಬನ್ನು ಸೀಳಿಕೊಂಡು ಒಂದು ಗೆರೆಯಿದೆ. ಹುಲಿಗೆ ಕ್ಷೌರ ಮಾಡುವಾಗ ಆದದ್ದೆಂದು ಮದುವೆಯಾದ ಹೊಸದರಲ್ಲಿ ಅವಳಿಗೆ ಹೇಳಿದ್ದೆ. ಕನ್ನಡಿಯೊಳಗಿನವನಿಗೆ ಅದು ಎಡಗಡೆ.

“ಅದು... ಜರುಗಿದೆ ಕಣೇ. ಹವಾಮಾನಕ್ಕೆ.”

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೆರಳನ್ನು ತನ್ನ ಒಂದು ಹುಬ್ಬಿಗೆ ಇಟ್ಟುಕೊಂಡಳು, ಆಮೇಲೆ ಇನ್ನೊಂದಕ್ಕೆ. ಯಜಮಾನಿಯ ಕಡೆ ತಿರುಗಿ, “ಬೈತಲೆ ಕೂಡ ಆ ಕಡೆ ಇರ್ತಿತ್ತು ಅನ್ಸುತ್ತೆ ಮೇಡಂ. ಎರಡು ವರ್ಷ ಆಯ್ತಲ್ಲ. ಗಂಡನ ಮುಖಾನೇ ನನಗೆ ಮರೆತುಹೋಯ್ತೇನೋ,” ಅಂದಳು. ದನಿ ಸಣ್ಣಗಾಗಿತ್ತು. ಸುಳ್ಳು ಹೇಳುತ್ತಿದ್ದವನು ನಾನು, ತಪ್ಪು ಮಾಡಿದವಳ ಹಾಗೆ ನಿಂತವಳು ಅವಳು.

ಬಾಯಲ್ಲಿ ಇನ್ನೊಂದು ಸುಳ್ಳು ಸಿದ್ಧವಾಗಿತ್ತು. ಅದು ಹೊರಗೆ ಬರಲಿಲ್ಲ.

ಮಾವನ ಕೈಯಿಂದ ಫೋನು ಕಿತ್ತುಕೊಂಡೆ. ಕನ್ನಡಿಗೆ ಬೆನ್ನು ಹಾಕಿ, ಅದನ್ನು ನನ್ನ ಮುಖಕ್ಕೇ ನೇರ ಹಿಡಿದೆ. ಎದುರಿಗೆ ಇಬ್ಬರು ಹೆಂಗಸರು, ನಡುವೆ ಕನ್ನಡಿಯಿಲ್ಲ. ನಾಲಿಗೆ ಒಣಗಿತು.

“ನೀನು ಮರೆತಿಲ್ಲ ಕಣೇ. ಬಲಗಡೆಯೇ. ನೋಡು.” ಹುಬ್ಬು ಮುಟ್ಟಿ ತೋರಿಸಿದೆ. “ಮೇಡಂ, ನೀವು ಎರಡು ದಿನದಿಂದ ನೋಡಿದ್ದು ಕನ್ನಡಿಯನ್ನ. ನಾನು ಬಲಗೈಯವನು. ಎಡಗೈಯಲ್ಲಿ ನನಗೆ ಬೀಗ ತೆಗೆಯೋಕೂ ಬರಲ್ಲ.”

ಹೆಂಡತಿ ಫೋನಿಗೆ ಇನ್ನಷ್ಟು ಹತ್ತಿರ ಬಂದು ನನ್ನ ಹುಬ್ಬನ್ನೇ ನೋಡುತ್ತಿದ್ದಳು. ಯಜಮಾನಿ ಕನ್ನಡಕ ತೆಗೆದರು.

“ಹಾಗಾದ್ರೆ ನಾಲ್ಕು ಫೋನು?”

“ಒಂದೇ ಮೇಡಂ. ಅದೂ ಗಾಜು ಒಡೆದಿದೆ.”

“ಈ ಕನ್ನಡಿ ಆಟ ಯಾರ ತಲೇದು?”

“ಮೊದಲ ದಿನ ಆಟ ಅಲ್ಲ, ನಿಜವಾಗಲೂ ತಿಳೀದೆ ಇಟ್ಟೆ. ತಿಳಿದದ್ದೂ ನನಗಲ್ಲ, ನಮ್ಮ ಮಾವನಿಗೆ. ತಿಳಿದ ಮೇಲೆ ಬೇಕಂತಲೇ ಇಟ್ಟವನು ನಾನು.”

“ಅಷ್ಟು ಹೇಳಿದ್ಯಲ್ಲ, ಪುಣ್ಯಾತ್ಮ,” ಎಂದು ಮಾವ ಅರ್ಧ ಕತ್ತರಿಸಿದ ತಲೆ ತುರಿಸಿಕೊಂಡ.

“ಎಡಗೈಯಲ್ಲಿ ಕಲಿಯೋಕೆ ಎಷ್ಟು ದಿನ ಬೇಕಾಗುತ್ತೆ?” ಎಂದು ಯಜಮಾನಿ ಕೇಳಿದರು.

ಒಂದು ಸಂಜೆ ಸಾಕು ಅನ್ನಲು ಬಾಯಿ ತೆರೆದೆ. ಹೆಂಡತಿ ನೋಡುತ್ತಿದ್ದಳು.

“ಗೊತ್ತಿಲ್ಲ ಮೇಡಂ. ಬರದೇ ಇದ್ರೂ ಇರಬಹುದು.”

“ಎರಡು ದಿನದಲ್ಲಿ ನೀವು ಆಡಿದ ಮಾತಿನಲ್ಲಿ ನಂಬೋ ಹಾಗಿರೋದು ಇದೊಂದೇ,” ಅಂದರು ಅವರು. “ಸೋಮವಾರ ಬನ್ನಿ. ಬಂದು ಗೋಡೆ ಪಕ್ಕ ನಿಂತು ನೋಡಿ. ಕೆಲಸ ಕೊಟ್ಟೆ ಅಂದ್ಕೋಬೇಡಿ, ಗೋಡೆ ಏನು ಹೇಳುತ್ತೋ ನೋಡೋಣ.” ಹೀಗೆ ಹೇಳಿ, ಫೋನನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಎದ್ದುಹೋದರು.

ಅವಳೊಬ್ಬಳೇ ಉಳಿದಳು. ನಾನೂ ಫೋನು ಕದಲಿಸಲಿಲ್ಲ.

“ರೀ, ಹುಲಿ?”

“ಹುಲಿಯಲ್ಲ. ಕಿಟಕಿ ಬಾಗಿಲು ಬಡೀತು.”

“ಮತ್ತೆ ಆ ಕನ್ನಡಿಯಲ್ಲಿರೋನು ಹಿಂದೆ ಬಿದ್ದ, ನೀವು ಚಹಾ ಕುಡೀತಾ ಕಾದ್ರಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಅದು?”

“ಚಹಾ ಕುಡಿದದ್ದು ನಿಜ ಕಣೇ,” ಅಂದೆ. “ಆವತ್ತು ಒಬ್ಬ ಗಿರಾಕಿಯೂ ಬಂದಿರಲಿಲ್ಲ.”