ಡಾಕ್ಟರ ಕಾರಿನ ವರ್ಗ

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಗೋದಾಮಿನ ಹಿಂದಿನ ಖಾಲಿ ಅಂಗಳದಲ್ಲಿ ಗಂಡಸರು ತಮ್ಮ ತಮ್ಮ ಕಾರುಗಳನ್ನು ಬೈಯಲು ಶುರುಮಾಡಿಬಿಡುತ್ತಿದ್ದರು. ವಾರದ ಆರು ದಿನ ಅದೇ ಕಾರನ್ನು ಹೊಗಳಿ ಅಟ್ಟಕ್ಕೇರಿಸಿದ ಬಾಯಿಗಳೇ ಅವು.

"ಅಯ್ಯೋ, ನನ್ನದರಲ್ಲಿ ಏನಿದೆ ಅಕ್ಕಾ, ಎಳೆಯೋದೇ ಇಲ್ಲ."

"ನನ್ನದಂತೂ ಹಳೇ ಡಬ್ಬ. ಏರು ಕಂಡ್ರೆ ಕೆಮ್ಮುತ್ತೆ."

ಮಡಿಸುವ ಮೇಜಿನ ಹಿಂದೆ ಕೂತ ಅಳತೆಯಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ಬಾನೆಟ್ ಎತ್ತಿ" ಎನ್ನುತ್ತಿದ್ದಳು.

ಆಟ ಇಷ್ಟೇ. ಅಂಗಳದ ತುಂಬ ಕಿತ್ತಳೆ ಬಣ್ಣದ ರಬ್ಬರ್ ಕೋನ್‌ಗಳನ್ನು ನಿಲ್ಲಿಸಿ ಅಂಕುಡೊಂಕು ದಾರಿ ಮಾಡಿರುತ್ತಾರೆ. ಸಲಕ್ಕೆ ಒಂದೇ ಕಾರು ಆ ದಾರಿಯಲ್ಲಿ ಸುತ್ತಿ ಬರಬೇಕು; ಕಡಿಮೆ ಸಮಯದಲ್ಲಿ ಬಂದವರಿಗೆ ಗೆಲುವು. ಕೋನ್ ಉರುಳಿದರೆ ಎರಡು ಸೆಕೆಂಡು ದಂಡ. ದೊಡ್ಡ ಎಂಜಿನ್ನಿನ ಕಾರನ್ನೂ ತರಕಾರಿ ತರುವ ಪುಟ್ಟ ಕಾರನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ನ್ಯಾಯವಲ್ಲವೆಂದು ಆಟ ನಡೆಸುವ ಸಂಘದವರು ನಾಲ್ಕು ವರ್ಗ ಮಾಡಿದ್ದರು. ಸಣ್ಣ ಎಂಜಿನ್, ಕಂಪನಿಯಿಂದ ಬಂದ ಹಾಗೆಯೇ ಇದ್ದರೆ ಒಂದನೇ ವರ್ಗ. ಎಂಜಿನ್ ದೊಡ್ಡದಿದ್ದರೆ ಅಥವಾ ಎಂಜಿನ್ನಿಗೆ ಬಲ ಕೂಡಿಸುವ ಟರ್ಬೊ ಇದ್ದರೆ ಎರಡನೇದು. ಸ್ಪ್ರಿಂಗು, ಸೈಲೆನ್ಸರು ಬದಲಾಯಿಸಿದ್ದರೆ ಮೂರನೇದು. ಸೀಟು ಕಿತ್ತೆಸೆದು ರೇಸಿನ ಟೈರು ಹಾಕಿಕೊಂಡ ಹುಚ್ಚರಿಗೆ ನಾಲ್ಕನೇದು. ವರ್ಗಕ್ಕೊಂದು ಕಪ್. ಬಲವಾದ ಕಾರು ಕೊಂಡವನಿಗೂ ದುರ್ಬಲರ ಸಾಲಿನಲ್ಲಿ ನಿಲ್ಲುವ ಆಸೆ. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಮೂರನೇ ವರ್ಗ ಬಂತೆಂದು ಎಳೆಮಗುವಿನ ಹಾಗೆ ಮುಖ ಊದಿಸಿಕೊಂಡು, ಊಟ ಬಿಟ್ಟು ಕೂತದ್ದನ್ನು ಅಳತೆಯಮ್ಮ ಕಣ್ಣಾರೆ ಕಂಡಿದ್ದಳು.

ಯಾವ ಕಾರು ಯಾವ ವರ್ಗ ಎಂದು ಹೇಳುವ ಕೆಲಸ ಸಂಘದಲ್ಲಿ ಯಾರಿಗೂ ಬೇಡವಾಗಿತ್ತು. ಹೇಳಿದವರ ಮೇಲೆ ಎಲ್ಲರೂ ಹರಿಹಾಯುತ್ತಿದ್ದರು. ಅಳತೆಯಮ್ಮನ ಗಂಡ ಎಲೆಕ್ಟ್ರಿಷಿಯನ್; ಸಮಯ ಅಳೆಯುವ ಯಂತ್ರಕ್ಕೆ ತಂತಿ ಎಳೆಯಲು ಹೋಗಿ ಅಲ್ಲೇ ಬೇರುಬಿಟ್ಟಿದ್ದ. ಅವನಿಗೆ ಚಹಾದ ಫ್ಲಾಸ್ಕ್ ಕೊಡಲು ಹೋದ ಅವಳನ್ನು ಕಾರ್ಯದರ್ಶಿ ಹಿಡಿದು ಮೇಜಿಗೆ ಕೂರಿಸಿಬಿಟ್ಟರು. ಅವಳು ಮನೆಯ ಪಕ್ಕದ ಕೋಣೆಯಲ್ಲಿ ಕಟ್ಟಿಸುವ ಹಲ್ಲು ಮಾಡುವವಳು. ದವಡೆಯ ಅಚ್ಚಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರಿಗೆ ಅನ್ನ ಇಳಿಯುವುದಿಲ್ಲ. ಅಂಥ ಕಣ್ಣಿಗೆ ಅರ್ಧ ಇಂಚು ಅಗಲ ಹೆಚ್ಚಿದ ಚಕ್ರ ತೋರದೇ ಇರುತ್ತದೆಯೇ? ಒಂದು ವರ್ಷದೊಳಗೆ ಸಂಘದವರು ಅವಳಿಗೆ ಅಳತೆಯಮ್ಮ ಎಂದು ಹೆಸರಿಟ್ಟರು. ಎದುರಿಗೆ ಪ್ರೀತಿಯಿಂದ, ಬೆನ್ನ ಹಿಂದೆ ಹಲ್ಲು ಕಡಿದುಕೊಂಡು.

ಆ ಭಾನುವಾರ ಡಾಕ್ಟರು ಬಂದರು. ಹಲ್ಲಿನ ಡಾಕ್ಟರು. ಅಳತೆಯಮ್ಮನಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅವರ ಕ್ಲಿನಿಕ್ಕಿನದು. ಪ್ರತಿ ಸೋಮವಾರ ಅಲ್ಲಿಂದ ಅಚ್ಚುಗಳ ಪೆಟ್ಟಿಗೆ ಬಂದರೆ ಮನೆಯ ವಾರ ನಡೆಯುತ್ತಿತ್ತು.

ಅವರ ಕಾರಿನ ವಿಷಯ ಅವಳಿಗೆ ಬಾಯಿಪಾಠವಾಗಿತ್ತು. ಕ್ಲಿನಿಕ್ಕಿಗೆ ಹೋದಾಗಲೆಲ್ಲ ಡಾಕ್ಟರು ಟರ್ಬೊ ಪುರಾಣ ಓದುತ್ತಿದ್ದರು. ಕೇಳುವವರು ಕುರ್ಚಿಯಲ್ಲಿ ಮಲಗಿ ಬಾಯಿ ಅಗಲಿಸಿಕೊಂಡ ರೋಗಿಗಳು. ಬಾಯೊಳಗೆ ಹತ್ತಿ, ಕೊಳವೆ, ಕನ್ನಡಿ. ಎದುರು ಮಾತಾಡುವ ಹಾಗೇ ಇಲ್ಲ. ಅಂಥ ಶ್ರೋತೃಗಳು ಯಾವ ಭಾಷಣಕಾರನಿಗೂ ಸಿಕ್ಕಿರಲಾರರು.

ಈಗ ಅದೇ ಡಾಕ್ಟರು ಮೇಜಿನ ಮುಂದೆ ನಿಂತು ತುಂಬಿದ ಅರ್ಜಿ ಚಾಚಿದರು. "ಒಂದನೇ ವರ್ಗ ಅಂತ ಬರ್ಕೊಳಮ್ಮ. ಸಾಧಾರಣ ಮಾದರಿ. ಟರ್ಬೊ ಗಿರ್ಬೊ ಏನಿಲ್ಲ."

ಅಳತೆಯಮ್ಮ ಎದ್ದು ಕಾರಿನ ಹಿಂದಕ್ಕೆ ಹೋದಳು. ಲೋಕದಲ್ಲಿ ಎಲ್ಲರೂ ಸಾಧಾರಣ ಕಾರಿನ ಬೆನ್ನಿಗೆ ದೊಡ್ಡ ಕಾರಿನ ಹೆಸರಿನ ಅಕ್ಷರಗಳನ್ನು ಬಿರುದಿನಂತೆ ಅಂಟಿಸಿಕೊಂಡು ಮೆರೆಯುವುದನ್ನು ಅವಳು ನೋಡಿದ್ದಳು. ದೊಡ್ಡ ಕಾರಿನ ಬಿರುದು ಕಿತ್ತು, ಸಾಧಾರಣದ್ದನ್ನು ಅಂಟಿಸಿಕೊಂಡ ಮಹಾನುಭಾವರನ್ನು ಇದೇ ಮೊದಲು ನೋಡಿದ್ದು. ಹಳೆಯ ಅಕ್ಷರಗಳಿದ್ದ ಜಾಗದಲ್ಲಿ ಬಣ್ಣ ಮಾಸದೆ ಹೊಳೆಯುತ್ತಿತ್ತು, ಹಳದಿ ಹಲ್ಲುಗಳ ನಡುವೆ ಒಂದೇ ಒಂದು ಹೊಸ ಹಲ್ಲು ಕೂರಿಸಿದ ಹಾಗೆ. ಬಾನೆಟ್ಟಿನ ಕೆಳಗೆ ಎಲ್ಲವನ್ನೂ ಕಪ್ಪು ಪ್ಲಾಸ್ಟಿಕ್ ಹೊದಿಕೆ ಮುಚ್ಚಿತ್ತು.

"ಚಕ್ರದ ಮುಚ್ಚಳ ತೆಗೀರಿ ಡಾಕ್ಟ್ರೇ."

"ಅದ್ಯಾಕೆ?"

"ಓಡುವಾಗ ಕಳಚಿ ಹಾರಬಾರದು ಅಂತ. ನಿಯಮ. ಎಲ್ಲರೂ ತೆಗೆದಿದ್ದಾರೆ ನೋಡಿ."

"ಬಿಗಿಯಾಗಿದೆ ಬಿಡಮ್ಮ, ಹಾರಲ್ಲ. ಹೊಸದು, ಗೀರು ಬೀಳುತ್ತೆ."

ಮುಚ್ಚಳಗಳು ನಿಜವಾಗಿಯೂ ಹೊಸವು. ಅವೇಕೆ ಬಂದವೆಂದು ಅಳತೆಯಮ್ಮನಿಗೆ ಹೊಳೆದಿತ್ತು. ಎರಡೂ ಮಾದರಿಗಳ ಮೈ ಒಂದೇ, ಬ್ರೇಕು ಬೇರೆ. ಸಾಧಾರಣ ಕಾರಿನ ಹಿಂದಿನ ಚಕ್ರದೊಳಗೆ ಬೋರಲು ಹಾಕಿದ ಬಟ್ಟಲಿನಂಥ ಡ್ರಮ್ ಇರುತ್ತದೆ. ಟರ್ಬೊ ಕಾರಿಗೆ ತಟ್ಟೆಯಂಥ ಡಿಸ್ಕ್. ಬಿರುದು ಬದಲಾಯಿಸಬಹುದು, ಬ್ರೇಕು ಬದಲಾಯಿಸುವಷ್ಟು ಶ್ರದ್ಧೆ ಮೋಸಗಾರರಿಗೂ ಇರುವುದಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ಹಲ್ಲು ಗಿಂಜುತ್ತ ಓಡಿಬಂದರು. ಅವಳನ್ನು ಪಕ್ಕಕ್ಕೆ ಕರೆದು, "ತಾಯೀ, ಈ ವರ್ಷದ ಕಪ್ಪುಗಳೆಲ್ಲ ಅವರೇ ಕೊಟ್ಟಿರೋದು," ಎಂದರು.

"ಕೊಟ್ಟದ್ದನ್ನ ವಾಪಸ್ ಒಯ್ಯೋಕೆ ಬಂದಿದ್ದಾರಾ?"

"ಹಾಗಲ್ಲ... ಒಂದು ದಿನದ ಮಟ್ಟಿಗೆ ಕಣ್ಣು ಮುಚ್ಕೊಂಡ್ರೆ..."

"ನೀವೇ ರುಜು ಹಾಕಿ ಸಾರ್. ನಾನು ಕಣ್ಣು ಮುಚ್ಕೋತೀನಿ."

ಕಾರ್ಯದರ್ಶಿಗೆ ತಟ್ಟನೆ ಯಾರೋ ದೂರದಲ್ಲಿ ಕರೆದಂತಾಯಿತು. ಯಾರೂ ಕರೆದಿರಲಿಲ್ಲ. ಆದರೂ ಹೋದರು.

ಗಂಡ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದ. ಧ್ವನಿ ತಗ್ಗಿಸಿ, "ಬಿಟ್ಬಿಡೇ. ನಾಳೆ ಪೆಟ್ಟಿಗೆ ಬರಬೇಕಲ್ಲ," ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಒಂದನೇ ವರ್ಗದ ಸಾಲಿನತ್ತ ನೋಡಿದಳು. ಮೊದಲಿಗೆ ವ್ಯಾನಕ್ಕ ನಿಂತಿದ್ದಳು. ವಾರವಿಡೀ ಶಾಲೆಯ ವ್ಯಾನು ಓಡಿಸಿ, ಭಾನುವಾರ ತನ್ನ ಮಾಸಿದ ಬಿಳಿ ಕಾರು ತರುವವಳು. ನಾಲ್ಕೂ ಮುಚ್ಚಳ ತಾನೇ ಕಳಚಿ, ಒಂದರ ಮೇಲೊಂದು ಪೇರಿಸಿ, ಬಾನೆಟ್ ಎತ್ತಿಟ್ಟು, ಯಾರ ಕಾರನ್ನೂ ಬೈಯದೆ, ತನ್ನದನ್ನೂ ಹೊಗಳದೆ ಸುಮ್ಮನೆ ಕಾಯುತ್ತಿದ್ದಳು.

"ರೀ, ಪೆಟ್ಟಿಗೆ ಬಂದ್ರೆ ಬರುತ್ತೆ," ಎಂದಳು ಅಳತೆಯಮ್ಮ. "ನೀವು ಹೋಗಿ ಯಂತ್ರ ನೋಡ್ಕೊಳಿ."

ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡು ಡಾಕ್ಟರ ಕಡೆ ತಿರುಗಿದಳು. "ನೀವು ತೆಗೀತೀರೋ, ನಾನು ತೆಗೀಲೋ? ನಾನಾದ್ರೆ ಗೀರು ಬೀಳಲ್ಲ."

ಹಿಂದಿನ ಚಕ್ರದ ಮುಚ್ಚಳ ಟಪ್ಪೆಂದು ಕಳಚಿತು. ಒಳಗೆ ಡಿಸ್ಕು ತಟ್ಟೆಯ ಹಾಗೆ ಫಳಫಳ ಹೊಳೆಯಿತು. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿ ನೋಡಿದರು. ಯಾರೋ ಕೆಮ್ಮಿದರು, ಬಟ್ಟೆ ಅಂಗಡಿಯ ಸಾಹುಕಾರರಂತೂ ಬಾಯಿಗೆ ಕರವಸ್ತ್ರ ತುರುಕಿಕೊಂಡರು.

"ಕಾರು ಮಾರಿದವನು ಯಾವುದೋ ಕೊಟ್ಟಿದಾನೆ," ಎಂದರು ಡಾಕ್ಟರು.

"ಇರಬಹುದು ಡಾಕ್ಟ್ರೇ. ಟರ್ಬೊನೂ ಗೊತ್ತಿಲ್ಲದ ಹಾಗೇ ಒಳಗೆ ಇಟ್ಟು ಕೊಟ್ಟಿರ್ತಾನೆ." ಬಿಳಿ ಬಣ್ಣದ ಕುಂಚದಿಂದ ಗಾಜಿನ ಮೇಲೆ ದೊಡ್ಡದಾಗಿ 'ಎರಡು' ಎಂದು ಬರೆದಳು.

ಡಾಕ್ಟರು ಬಗ್ಗಿ, ಅವಳೊಬ್ಬಳಿಗೇ ಕೇಳಿಸುವ ಹಾಗೆ, "ಈ ಊರಲ್ಲಿ ಹಲ್ಲು ಮಾಡೋಳು ನೀನೊಬ್ಬಳೇ ಅಲ್ಲ. ನೆನಪಿರಲಿ," ಎಂದರು.

ಅವಳು ಕುಂಚ ಒರೆಸಿಟ್ಟಳು. ಅಕ್ಷರ ಮಾತ್ರ ಅಳಿಸಲಿಲ್ಲ.

ಹನ್ನೊಂದಕ್ಕೆ ಓಟ ಶುರುವಾಯಿತು. ಡಾಕ್ಟರು ಕೈಗವಸು ಹಾಕಿಕೊಂಡರು, ಬೆರಳು ಬೆರಳಾಗಿ, ಆಪರೇಷನ್‌ಗೆ ಹೊರಟವರಂತೆ. ಕಾರು ಗರ್ಜಿಸಿ ಹೊರಟಿತು. ಮೊದಲ ತಿರುವಿನಲ್ಲೇ ಅಗಲಕ್ಕೆ ಹೋಯಿತು. ಎರಡನೆಯದರಲ್ಲಿ ಬ್ರೇಕು ಎಷ್ಟು ಜೋರಾಗಿ ಒತ್ತಿದರೆಂದರೆ ಕಾರು ನಿಂತೇ ಹೋಯಿತು, ದಾರಿ ಕೇಳಲು ನಿಲ್ಲಿಸಿದವರ ಹಾಗೆ. ಕೊನೆಯ ಕೋನ್ ಬಂಪರಿಗೆ ಸಿಕ್ಕಿಕೊಂಡು ಗೆರೆ ದಾಟುವವರೆಗೂ ಜೊತೆಗೇ ಬಂತು. ಗಂಡ ಚೀಟಿ ತಂದುಕೊಟ್ಟ: ದಂಡ ಸೇರಿ ಅರವತ್ತೊಂದು ಸೆಕೆಂಡು. ಎರಡನೇ ವರ್ಗದಲ್ಲಿ ಆರು ಕಾರು, ಡಾಕ್ಟರು ಆರನೆಯವರು.

ವ್ಯಾನಕ್ಕನದು ಐವತ್ತೆರಡು. ಮಕ್ಕಳ ನೀರಿನ ಬಾಟಲಿ ಉರುಳದ ಹಾಗೆ ವ್ಯಾನು ತಿರುಗಿಸಿ ಪಳಗಿದ ಕೈ. ಒಂದು ಕೋನ್ ಕೂಡ ಅಲುಗಲಿಲ್ಲ.

ಪಟ್ಟಿ ಬರೆಯುತ್ತ ಕೂತ ಅಳತೆಯಮ್ಮನಿಗೆ ಆಸೆ ತಡೆಯಲಾಗಲಿಲ್ಲ. ಡಾಕ್ಟರ ಸಮಯವನ್ನು ಒಂದನೇ ವರ್ಗದ ಪಟ್ಟಿಯ ಪಕ್ಕ ಹಿಡಿದು ನೋಡಿದಳು. ಒಂಬತ್ತು ಪುಟ್ಟ ಕಾರುಗಳಲ್ಲಿ ಏಳು ಅವರಿಗಿಂತ ಮುಂದಿದ್ದವು. ಇಷ್ಟೆಲ್ಲ ಕಿತ್ತು, ಅಂಟಿಸಿ, ಮುಚ್ಚಿ, ಸುಳ್ಳು ಹೇಳಿ, ಹೆದರಿಸಿ, ಆ ಮೋಸ ಪೂರ್ತಿ ನಡೆದಿದ್ದರೂ ಅವರಿಗೆ ಸಿಗುತ್ತಿದ್ದದ್ದು ಎಂಟನೇ ಜಾಗ. ಪಾಪ ಎನಿಸಬೇಕಿತ್ತು. ಎನಿಸಲಿಲ್ಲ.

ಸೋಮವಾರ ಪೆಟ್ಟಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅವಳು ಕೆಲಸದ ಕೋಣೆಯ ಕಪಾಟುಗಳನ್ನು ಎರಡೆರಡು ಸಲ ಒರೆಸಿದಳು. ಮೇಣ ಕರಗಿಸುವ ಒಲೆ ತಣ್ಣಗೆ ಕೂತಿತ್ತು. ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ಕೇಳಿದರು, "ಅಲ್ವೇ, ಆ ಡಾಕ್ಟರಿಗೆ ವಯಸ್ಸೆಷ್ಟು?"

"ಐವತ್ತು ದಾಟಿರಬಹುದು ಅತ್ತೆ."

"ಐವತ್ತಕ್ಕೆ ಕಪ್ಪಿಗೋಸ್ಕರ ಅಳ್ತಾರಾ? ನಮ್ಮ ಮನೇಲಿ ನಾಲ್ಕು ವರ್ಷದ ಮಗುವೂ ಇಷ್ಟು ಅಳಲ್ಲ, ಚಮಚ ಕೊಟ್ರೆ ಸುಮ್ಮನಾಗುತ್ತೆ."

ಗುರುವಾರ ಹತ್ತು ಗಂಟೆಗೆ ಫೋನು ಬಂತು. ಡಾಕ್ಟರೇ. ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು.

"ಏನಮ್ಮಾ, ಚೆನ್ನಾಗಿದೀಯಾ? ಒಂದು ಯೋಚನೆ ಬಂತು. ಬರೀ ಕಾರು ನೋಡಿ ವರ್ಗ ಮಾಡೋದು ಸರಿಯಲ್ಲ. ವಯಸ್ಸೂ ನೋಡಬೇಕು. ಐವತ್ತು ದಾಟಿದವರಿಗೆ ಕೈಕಾಲಿನ ಚುರುಕು ಕಮ್ಮಿ ಇರುತ್ತೆ. ಅವರಿಗೇ ಒಂದು ವರ್ಗ ಮಾಡಿದ್ರೆ ನ್ಯಾಯ. ನೀನು ಹೇಳಿದ್ರೆ ಕಾರ್ಯದರ್ಶಿ ಕೇಳ್ತಾರೆ." ಅದೇ ಉಸಿರಿನಲ್ಲಿ, "ಹನ್ನೆರಡು ಅಚ್ಚು ಇಲ್ಲೇ ಮೇಜಿನ ಮೇಲಿದೆ. ಈಗಲೇ ಕಳಿಸ್ತೀನಿ," ಎಂದರು.

ಹನ್ನೆರಡು ಅಚ್ಚು ಎಂದರೆ ಹತ್ತು ದಿನದ ಕೆಲಸ. ಅಳತೆಯಮ್ಮ ಕಣ್ಣು ಮುಚ್ಚಿ ತೆರೆದಳು.

"ಮಾಡಬಹುದು ಡಾಕ್ಟ್ರೇ. ಆದ್ರೆ ವ್ಯಾನಕ್ಕನಿಗೆ ಐವತ್ತಾರು."

ಜೇನಿನ ದನಿ ಸಣ್ಣದಾಯಿತು. "ಗಂಡಸರಿಗೆ ಮಾತ್ರ ಅಂತ ಮಾಡಿದ್ರೆ?"

"ಬಟ್ಟೆ ಅಂಗಡಿ ಸಾಹುಕಾರರಿಗೆ ಅರವತ್ತೆರಡು. ಅವರದು ಐವತ್ತೈದು ಸೆಕೆಂಡು."

"ಹೂಂ... ಅವರು ಮೂರನೇ ವರ್ಗ ಅಲ್ವಾ? ಟರ್ಬೊ ಇರೋ ಗಂಡಸರು, ಐವತ್ತು ದಾಟಿದವರು ಅಂದ್ರೆ..."

"ನೀವೊಬ್ಬರೇ ಉಳೀತೀರಿ ಡಾಕ್ಟ್ರೇ. ಒಂದೇ ಕಾರಿರೋ ವರ್ಗಕ್ಕೆ ನಮ್ಮಲ್ಲಿ ಕಪ್ ಕೊಡಲ್ಲ."

ಫೋನ್ ಕಟ್ಟಾಯಿತು. ಪೆಟ್ಟಿಗೆ ಇನ್ನು ಬರುವುದಿಲ್ಲವೆಂದು ಖಚಿತವಾದ ಮೇಲೆ, ವಿಚಿತ್ರವೆಂದರೆ, ನಾಲ್ಕು ದಿನದಿಂದ ಕಾಡುತ್ತಿದ್ದ ಚಿಂತೆ ಕರಗಿತು. ತಾನು ಮಾಡಿದ ಹಲ್ಲುಗಳಲ್ಲಿ ಚೆಂದದ ಎರಡು ಜೊತೆ ಆರಿಸಿ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡಳು. ಬಸ್ ನಿಲ್ದಾಣದ ಹತ್ತಿರ ಹೊಸದೊಂದು ಹಲ್ಲಿನ ಆಸ್ಪತ್ರೆ ತೆರೆದಿದೆಯೆಂದು ಕೇಳಿದ್ದಳು. ಸೀರೆಯ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

"ಊಟಕ್ಕೆ ಬರ್ತೀಯೇನೇ?" ಎಂದರು ಅತ್ತೆ.

"ಅಲ್ಲಿನ ಡಾಕ್ಟರು ಕಾರಿನ ಮಾತು ತೆಗೀದೇ ಇದ್ರೆ ಬೇಗ ಬರ್ತೀನಿ ಅತ್ತೆ."