ಅಮ್ಮನ ಕಡೆಯ ಕಿಟಕಿ

ಅಪ್ಪನ ಗಾಜಿನಂಗಡಿಯ ವ್ಯಾನಿನ ಸ್ಟಿಯರಿಂಗ್ ಇರಬೇಕಾದ ಕಡೆ ಇರಲಿಲ್ಲ. ಯಾವುದೋ ದೇಶ ಸುತ್ತಿ ಬಂದ ಹಳೆಯ ಗಾಡಿ; ಓಡಿಸುವವರು ರಸ್ತೆಯಂಚಿನ ಕಡೆ, ಜೊತೆಗಿದ್ದವರು ರಸ್ತೆಯ ನಡುವಿನ ಕಡೆ ಕೂರಬೇಕು. ಮುಂದೆ ಲಾರಿಯಿದ್ದರೆ ಓಡಿಸುವವರಿಗೆ ಕಾಣುವುದು ಅದರ ಬೆನ್ನು ಮಾತ್ರ. ಎದುರಿಗೆ ಏನು ಬರುತ್ತಿದೆಯೆಂದು ಪಕ್ಕದವರೇ ಹೇಳಬೇಕು. ಇಪ್ಪತ್ತೆರಡು ವರ್ಷ ಅಪ್ಪನ ಪಕ್ಕ ಕೂತು ಆ ಕೆಲಸ ಮಾಡಿದವಳು ಅಮ್ಮ.

ಮಾಡಿದ್ದು ಅಂದರೆ, ಹೆದರಿದ್ದು. “ಬೇಡ, ಬಸ್ಸು. ಬೇಡ ಬೇಡ, ಬೈಕು. ಅಯ್ಯೋ, ಏನೋ ಬರ್ತಿದೆ, ನಾಯಿ ಅನ್ಸುತ್ತೆ.” ಅಪ್ಪ ಅವಳಿಗೆ ‘ರೇಡಿಯೊ’ ಎಂದೇ ಹೆಸರಿಟ್ಟಿದ್ದ.

ಈಗ ಅಪ್ಪನ ಮಣಿಕಟ್ಟು ಪ್ಲಾಸ್ಟರಿನಲ್ಲಿತ್ತು. ಗುಡ್ಡದ ಮೇಲಿನ ಆಸ್ಪತ್ರೆಯ ಕಿಟಕಿಗಳಿಗೆ ಹದಿನಾರು ಗಾಜು ಹೋಗಬೇಕಿತ್ತು. ಮಗಳ ಲೈಸೆನ್ಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

“ಗಾಜನ್ನೂ ನಿಮ್ಮಮ್ಮನ್ನೂ ಬಿರುಕು ಬಿಡದ ಹಾಗೆ ತಲುಪಿಸಿದ್ರೆ ವ್ಯಾನು ನಿಂದು. ಕೈ ನಡುಗ್ತು ಅಂದ್ರೆ ಮಾರಿಬಿಡ್ತೀನಿ,” ಎಂದ ಅಪ್ಪ. ಆಮೇಲೆ ಹೆಂಡತಿಯ ಕಿವಿಯಲ್ಲಿ, “ನೀನು ಸ್ವಲ್ಪ ಬಾಯಿ ಬಿಗಿ ಹಿಡ್ಕೊ. ನಿನ್ನ ಅಯ್ಯೋ ಕೇಳಿದ್ರೆ ಮಗು ಗಾಬರಿಯಾಗುತ್ತೆ.”

ಅಮ್ಮ ಸೀಟ್‌ಬೆಲ್ಟನ್ನು ಎರಡು ಸಲ ಎಳೆದು ನೋಡಿ, ತುಟಿ ಹೊಲಿದುಕೊಂಡವಳಂತೆ ಕೂತಳು. ಸ್ಟಿಯರಿಂಗ್ ಮೇಲೆ ಮಗಳ ಬೆರಳುಗಳು ಥೇಟ್ ಅಪ್ಪನ ಹಾಗೆಯೇ ಹಗುರಾಗಿ ಕೂತಿದ್ದವು. ಹೇಳೋಣವೆನ್ನಿಸಿತು, ಅದನ್ನೂ ನುಂಗಿಕೊಂಡಳು.

ಊರು ದಾಟಿದ ಮೇಲೆ ಮರಳಿನ ಲಾರಿಯೊಂದು ಮುಂದೆ ಸಿಕ್ಕಿತು, ಆಮೆಯ ನಡಿಗೆಯದು. ಎದುರಿನ ಏರಿನಲ್ಲಿ ಟ್ಯಾಂಕರ್ ತಲೆಯೆತ್ತಿದ್ದು ಅಮ್ಮನಿಗೆ ಕಂಡಿತು. ಕೇಳಿದರೆ ಹೇಳೋಣ ಎಂದು ಕಾದಳು. ಮಗಳು ಇಂಡಿಕೇಟರ್ ಹಾಕಿದಳು, ಕನ್ನಡಿ ನೋಡಿದಳು, ಒಂದು ಕ್ಷಣ ಕಿವಿಗೊಟ್ಟಳು. ಗಾಡಿಯನ್ನು ಹೊರಕ್ಕೆಳೆದಳು.

“ಟ್ಯಾಂಕರ್! ಒಳಗೆ, ಒಳಗೆ!”

ವ್ಯಾನು ಮುಗ್ಗರಿಸಿ ಲಾರಿಯ ಹಿಂದಕ್ಕೆ ಸೇರಿತು. ಟ್ಯಾಂಕರ್ ಅರಚುತ್ತಾ ಹಾದುಹೋಯಿತು. ಹಿಂದೆ ಹದಿನಾರು ಗಾಜುಗಳೂ ಒಟ್ಟಿಗೆ ಹಲ್ಲು ಕಡಿದವು, ಒಡೆಯಲಿಲ್ಲ. ಮಗಳು ರಸ್ತೆ ಬದಿಗೆ ನಿಲ್ಲಿಸಿದಳು.

“ನೀನ್ಯಾಕಮ್ಮ ಸುಮ್ಮನಿದ್ದೆ?”

“ನೀನು ಹೆದರಬಾರ್ದು ಅಂತ...”

“ನೀನು ಸುಮ್ಮನಿದ್ರೆ ದಾರಿ ಖಾಲಿ ಅಂತಲ್ವಾ! ಚಿಕ್ಕಂದಿನಿಂದ ಹಿಂದಿನ ಸೀಟಲ್ಲಿ ಕೂತು ನೋಡಿದ್ದೀನಿ. ನೀನು ಬಾಯಿ ನಿಲ್ಲಿಸಿದ ಮೇಲೇನೇ ಅಪ್ಪ ಮುಂದೆ ಹೋಗ್ತಿದ್ದಿದ್ದು.”

ಇಷ್ಟು ವರ್ಷ ಗಂಡ ತನ್ನನ್ನು ಸಹಿಸಿಕೊಂಡಿದ್ದಾನೆ ಎಂದಷ್ಟೇ ಅಮ್ಮ ಅಂದುಕೊಂಡಿದ್ದಳು.

“ನನ್ನ ಕೈಲಾಗಲ್ಲ. ಮಾರ್ಲಿ ಬಿಡು,” ಎಂದಳು ಮಗಳು.

“ಆಗುತ್ತೆ. ಮೊದ್ಲು ನೀರು ಕುಡಿ. ಇನ್ಮೇಲೆ ನಾನು ಸುಮ್ಮನಿದ್ರೆ ಹೋಗಲೇಬೇಡ. ‘ಖಾಲಿ’ ಅಂತ ಬಾಯಿಬಿಟ್ಟು ಹೇಳಿದ್ರೆ ಮಾತ್ರ. ನಂಗೆ ನಿದ್ದೆ ಹತ್ತಿರಬಹುದು, ಜೀವವೇ ಹೋಗಿರಬಹುದು.”

“ಅಮ್ಮಾ!”

“ಮಾತಿಗೆ ಹೇಳಿದೆ ಕಣೇ.”

ಇಬ್ಬರಿಗೂ ನಗು ಬಂತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದೇ ಲಾರಿ.

“ಇನ್ನೂ ಹಿಂದಿರು, ನಂಗೆ ಕಾಣ್ಲಿ. ಬೇಡ, ಕಾರು. ಬೇಡ, ತಿರುವು. ಸೈಕಲ್ಲಿನೋನು, ಪಾಪ, ಏರಲ್ಲಿ ಎಷ್ಟು ತುಳೀತಾನೆ ನೋಡು. ಹಾಂ, ಈಗ ಖಾಲಿ. ಖಾಲಿ! ಹೋಗು. ಲಾರಿ ಪೂರ್ತಿ ಕನ್ನಡೀಲಿ ಕಂಡ ಮೇಲೆ ಒಳಗೆ ಬಾ.”

ಆಸ್ಪತ್ರೆಯಲ್ಲಿ ಗಾಜು ಇಳಿಸುವಾಗ ಅಪ್ಪನ ಫೋನು ಬಂತು. ಮಗಳು ಮುಚ್ಚಿಡಲಿಲ್ಲ; ನಡೆದದ್ದನ್ನೆಲ್ಲ ಹೇಳಿ, “ಕೈ ನಡುಗ್ತು ಅಪ್ಪ,” ಎಂದಳು.

“ತಪ್ಪು ನಂದೇ,” ಎಂದ ಅಪ್ಪ. “ಕೀಲಿ ನೀನೇ ಇಟ್ಕೊ. ನಿಮ್ಮಮ್ಮನಿಗೆ ಜ್ವರ ಬಂದಾಗ ಒಂದ್ಸಲ ಒಬ್ನೇ ಅಲ್ಲಿಗೆ ಹೋಗಿದ್ದೆ. ಪೂರ್ತಿ ದಾರಿ ಒಂದು ಟ್ರ್ಯಾಕ್ಟರ್ ಹಿಂದೇನೇ ಹೋದೆ, ಅವಳಿಗೆ ಹೇಳ್ಬೇಡ.”

ಫೋನಿಗೆ ಕಿವಿ ತಾಗಿಸಿ ನಿಂತಿದ್ದ ಅಮ್ಮ, ಕೇಳಿಸದವಳಂತೆ ಗಾಜು ಎಣಿಸತೊಡಗಿದಳು.