ಲಾಕ್ಲನ್ ಡಾಕ್ಟರರ ಕಟ್ಟಕಡೆಯ ಬೆಟ್ಟ

ಇನ್ವರ್ನೆಸ್‌ನಲ್ಲಿ ಜೀವಮಾನವಿಡೀ ಊರವರ ಹಲ್ಲು ಕಿತ್ತು ನಿವೃತ್ತರಾದ ಡಾಕ್ಟರ್ ಲಾಕ್ಲನ್ ಬೇರ್ಡ್ ಅವರಿಗೆ ದೂರದ ವಿಷಯದಲ್ಲಿ ಸತ್ಯ ನುಡಿಯುವ ಅಭ್ಯಾಸವಿರಲಿಲ್ಲ. ಕೈಯಲ್ಲಿ ಇಕ್ಕಳ ಹಿಡಿದು, ನಡುಗುವ ರೋಗಿಗೆ "ಇನ್ನೇನು, ಆಗೇಹೋಯ್ತು" ಎನ್ನುತ್ತಿದ್ದ ಅದೇ ಪ್ರಶಾಂತ ಸ್ವರದಲ್ಲಿ ಅವರು ಬೆಟ್ಟದ ಬುಡದಲ್ಲಿ ನಿಂತು ಜೊತೆಗೆ ಹತ್ತುವ ಗೆಳೆಯರಾದ ನಮಗೂ ಅಭಯ ನೀಡುತ್ತಿದ್ದರು; ಅದನ್ನು ನಂಬಿ ಹೊರಟವರು ಸಂಜೆಯಾದರೂ ಮೊಣಕಾಲುದ್ದದ ಕೆಸರಿನಲ್ಲಿ ಕಾಲು ಕೀಳುತ್ತ ಅವರ ವಂಶವನ್ನು ಸ್ಮರಿಸುತ್ತಿದ್ದೆವು.

ಒಂದು ಕಾಲದಲ್ಲಿ ಹಳದಿಯಾಗಿದ್ದ ಅವರ ಕೋಟಿನಲ್ಲಿ ಈಗ ಬಟ್ಟೆಗಿಂತ ಅಂಟುಪಟ್ಟಿಯ ತೇಪೆಗಳೇ ಹೆಚ್ಚು. ಹೆಂಡತಿ ಇಷ್ಬೆಲ್ ಅದನ್ನೊಮ್ಮೆ ಸದ್ದಿಲ್ಲದೆ ದಾನವಾಗಿ ಬಂದ ಹಳೆಬಟ್ಟೆ ಮಾರುವ ಅಂಗಡಿಗೆ ಕೊಟ್ಟುಬಂದಾಗ, ಮಹಾಶಯರು ಮರುದಿನವೇ ಹೋಗಿ ಅದನ್ನು ಕೊಂಡು, ಸಸ್ತಾ ಸಿಕ್ಕಿತೆಂದು ಅವಳಿಗೇ ತೋರಿಸಿದ್ದರು. ಮಂಡಿ ಸವೆದ ಮೇಲಂತೂ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಯುವುದನ್ನು ರೂಢಿಸಿಕೊಂಡಿದ್ದರು. ಬೆಟ್ಟಕ್ಕೆ ಬೆನ್ನು ತೋರಿಸುವುದು ಅಮರ್ಯಾದೆ ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ಸಮರ್ಥನೆ.

ಮೂರು ಸಾವಿರ ಅಡಿ ಮೀರಿದ ಬೆಟ್ಟಕ್ಕೆ ನಮ್ಮಲ್ಲಿ ಮನ್ರೋ ಎನ್ನುತ್ತಾರೆ. ನಾಡಿನ ಮನ್ರೋಗಳನ್ನೆಲ್ಲ ಹತ್ತಿ ಮುಗಿಸುವುದು ಕೆಲವರಿಗೆ ಹರಕೆ, ಅವರ ಮನೆಯವರಿಗೆ ಗ್ರಹಚಾರ. ಡಾಕ್ಟರರಿಗೆ ಉಳಿದದ್ದು ಒಂದೇ. ಅದೂ ರಸ್ತೆಯಿಂದ ಎರಡು ದಿನದ ನಡಿಗೆಯಾಚೆ. ಅದು ಮುಗಿದೊಡನೆ ಮಂಡಿಯ ಶಸ್ತ್ರಚಿಕಿತ್ಸೆ, ಡೇರೆ ಯಾರಿಗಾದರೂ ದಾನ, ಆಮೇಲೆ ಪ್ರತಿ ಬೇಸಿಗೆಯೂ ಇಷ್ಬೆಲ್ ಜೊತೆ ಸ್ಪೇನಿನ ಕಡಲತೀರ ಎಂದು ಮಾತು ಕೊಟ್ಟಿದ್ದರು. ಆ ಮಾತಿಗಾಗಿ ಅವಳು ಬಹಳ ವರ್ಷ ಕಾದಿದ್ದಳು. ಮುಗಿಯುವುದನ್ನು ಕಣ್ಣಾರೆ ನೋಡಲೆಂದೇ ಹೊರಟಳು. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡಳು.

ದಾರಿಯುದ್ದಕ್ಕೂ ಮಳೆ, ಮಳೆ ನಿಂತಲ್ಲಿ ಕಣ್ಣು ಮೂಗೆನ್ನದೆ ಮುತ್ತುವ ನೊರಜು. ಇದೇ ಒಣನೆಲವೆಂದು ಹಟ ಹಿಡಿದು ಅವರು ಡೇರೆ ಹೊಡೆಸಿದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ನನ್ನ ಬೂಟುಗಳು ತೇಲುತ್ತಿದ್ದವು. ಡಾಕ್ಟರರು ಓಟ್ಸ್ ಗಂಜಿ ಕದಡುತ್ತ, ನೀರಿಗೆ ದೂರ ಹೋಗುವ ಶ್ರಮ ತಪ್ಪಿತಲ್ಲ ಎಂದು ಸಂತೋಷಪಟ್ಟರು.

ಮೂರನೆಯ ದಿನ, ಚಾಚಿದ ಕೈ ಕಾಣದಂಥ ಮಂಜಿನಲ್ಲಿ ಶಿಖರದ ಗುರುತಿಗೆ ಒಟ್ಟುವಂಥ ಕಲ್ಲುಗುಪ್ಪೆಯೊಂದು ಎದುರಾಯಿತು. ಕೊನೆಯ ಮನ್ರೋ ಮುಟ್ಟುವವರಿಗೆ ಮಾಡುವ ಸಂಪ್ರದಾಯದಂತೆ ನಾನೂ ಇಷ್ಬೆಲ್ಲಳೂ ಊರುಗೋಲುಗಳನ್ನು ಎತ್ತಿ ಕಮಾನು ಕಟ್ಟಿದೆವು. ಅವರು ಮದುಮಗನಂತೆ ತಲೆಬಾಗಿ ಅದರಡಿ ನುಸುಳಿ, ಕಲ್ಲನ್ನು ಮುಟ್ಟಿ, ಅದಕ್ಕೊಂದು ಗುಟುಕು ವಿಸ್ಕಿ ಎರೆದು ಉಳಿದದ್ದನ್ನು ನಮಗೆ ಹಂಚಿದರು. ಇಷ್ಬೆಲ್ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಗಾಳಿ ಬೀಸಿ ಮಂಜು ಹರಿಯಿತು. ಎದುರಿಗೆ, ಆಳವಾದ ತಗ್ಗೊಂದರ ಆಚೆ, ನಾವು ನಿಂತದ್ದಕ್ಕಿಂತ ನಿಚ್ಚಳವಾಗಿ ಎತ್ತರದ ಇನ್ನೊಂದು ನೆತ್ತಿ ನಿಂತಿತ್ತು. ನಿಜವಾದ ಶಿಖರ ಅದು.

ಇಷ್ಬೆಲ್ಲಳೇ ಮೊದಲು ಮೆಲ್ಲಗೆ, "ನಾವಿಬ್ಬರೂ ಬಾಯಿ ಬಿಡಲ್ಲ, ಲಾಕಿ. ನಡಿ, ಇಳಿಯೋಣ" ಎಂದಳು.

"ನೀವು ಬಿಡಲ್ಲ, ಸರಿ. ಅದು ನನ್ನನ್ನೇ ನೋಡ್ತಿದೆಯಲ್ಲ."

ಅವಳು ಅವರ ಮಂಡಿಯನ್ನು ನೋಡಿದಳು, ಬೆಟ್ಟವನ್ನು ನೋಡಿದಳು, ತನ್ನ ಅದೃಷ್ಟವನ್ನು ಹಳಿದುಕೊಂಡು ತಾನೇ ಮುಂದಾದಳು. ತಗ್ಗಿಗೆ ಹಿಮ್ಮುಖವಾಗಿ ಇಳಿದು, ಆಚೆಯ ದಿಬ್ಬವನ್ನು ಅರ್ಧ ಕಾಲಲ್ಲಿ, ಅರ್ಧ ಕೈಯಲ್ಲಿ ಹತ್ತಿ ಡಾಕ್ಟರರು ನೆತ್ತಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಮತ್ತೆ ಕಮಾನು ಕಟ್ಟಿದೆವು. ವಿಸ್ಕಿ ಮುಗಿದಿದ್ದರಿಂದ ಈ ಕಲ್ಲಿಗೆ ತಣ್ಣನೆಯ ಚಹಾ ಎರೆಯಬೇಕಾಯಿತು.

ಕುಣಿದಾಡಬೇಕಿದ್ದ ಮನುಷ್ಯ ಮಂಕಾಗಿ ಕೂತುಬಿಟ್ಟರು. ಅವರನ್ನು ಅಷ್ಟು ಬರಿದಾಗಿ ನಾನು ಕಂಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವರ ಮುಖದಲ್ಲಿ ಏನೋ ಮಿನುಗಿತು.

"ಇಷ್ಬೆಲ್, ನಾನು ಇಲ್ಲೀವರೆಗೆ ಹತ್ತಿದ್ರಲ್ಲಿ ಮಂಜಿಲ್ಲದ ಬೆಟ್ಟ ಯಾವುದಾದ್ರೂ ಇತ್ತಾ?"

ಇರಲಿಲ್ಲವೆಂದೇ ಹೇಳಬೇಕು, ನಮ್ಮ ನಾಡೇ ಅಂಥದ್ದು. ಇಲ್ಲಿ ಮಂಜಿನಲ್ಲಿ ಶಿಖರ ತಪ್ಪಿದವರು ಅಲ್ಲೆಲ್ಲ ಎಷ್ಟು ಕಡೆ ತಪ್ಪಿರಬಹುದೋ; ಹಾಗಾದರೆ ಎಲ್ಲವನ್ನೂ ಮತ್ತೆ ಹತ್ತಿ ನೋಡಬೇಕು. ಇಷ್ಬೆಲ್ ಗಂಡನ ಮುಖವನ್ನೇ ದಿಟ್ಟಿಸಿದಳು. ಅಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

"ಮೊದಲು ಹೊಸ ಮಂಡಿ ಹಾಕಿಸ್ಕೊ," ಎಂದಳು. "ಸ್ಪೇನಿಗೆ ನಾನು ನನ್ನ ತಂಗಿ ಜೊತೆ ಹೋಗ್ತೀನಿ."

ಆಯುಷ್ಯವನ್ನೇ ಒಂದು ಹಟಕ್ಕೆ ಒಪ್ಪಿಸಿದವರನ್ನು ಕಂಡು, ಪಾಪ, ಗುರಿ ಮುಟ್ಟಲು ಇಷ್ಟು ಕಷ್ಟಪಡುತ್ತಾರಲ್ಲ ಎಂದು ಲೋಕ ಮರುಗುತ್ತದೆ. ಅವರ ನಿಜವಾದ ಕಷ್ಟವಿರುವುದು ಮುಟ್ಟಿದ ಮೇಲೆ. ಆಗ ಅವರಷ್ಟು ದಿಕ್ಕಿಲ್ಲದವರು ಯಾರೂ ಇರುವುದಿಲ್ಲ. ಆದ್ದರಿಂದಲೇ ಅವರು ತಮ್ಮ ಕೆಲಸದಲ್ಲಿ ತಾವೇ ತಪ್ಪು ಹುಡುಕಿ ಮತ್ತೆ ಬದುಕಿಕೊಳ್ಳುತ್ತಾರೆ. ಅಂಥವರನ್ನು ಕಟ್ಟಿಕೊಂಡು ಬಾಳಿದವರು ಆ ತಪ್ಪನ್ನು ಅಲ್ಲಗಳೆಯಲು ಹೋಗುವುದಿಲ್ಲ.